ಮುದ್ರೆ ಒತ್ತಿದರು

ಈ ಬರಹದಲ್ಲಿ ಜಪಾನಿನ ಒಬ್ಬ ಮಾಜಿ ಪ್ರಧಾನಿಯನ್ನು ನಾನು ಏಕವಚನದಲ್ಲಿ ಕರೆಯುತ್ತೇನೆ. ಅವನು, ಬಂದ, ಗೆದ್ದ, ಹೋದ ಎಂದೇ ಬರೆಯುತ್ತೇನೆ. ಓದುವವರಿಗೆ ಕಸಿವಿಸಿಯಾದರೆ ಆಗಲಿ. ಹುಬ್ಬಳ್ಳಿಯಲ್ಲಿ ಕನ್ನಡ ಮಾಸ್ತರರಾಗಿದ್ದ ನನ್ನ ಅಪ್ಪ ಇದ್ದಿದ್ದರೆ ಈ ಸಾಲಿನ ಕೆಳಗೆ ಕೆಂಪು ಗೀಟು ಎಳೆಯುತ್ತಿದ್ದರು. ನಾನು ಎಂಟು ವರ್ಷದವಳಿದ್ದಾಗ ಒಂದು ದಿನ ಊಟಕ್ಕೆ ಕೂತು "ಹೆಡ್‌ಮಾಸ್ತರ ಇವತ್ತು ತಡಾ ಮಾಡಿ ಬಂದ" ಅಂದುಬಿಟ್ಟಿದ್ದೆ. ಅಪ್ಪ ತಟ್ಟೆ ಸರಿಸಿದರು. "ಬಂದ ಅಂದ್ರ ಏನ? ಅವ್ರೇನ ನಿನ್ನ ಕೂಡ ಗೋಲಿ ಆಡ್ತಾರೇನ? ಬಂದ್ರು ಅನ್ನು. ಹತ್ತ ಸಲ ಅನ್ನು."

ಹತ್ತು ಸಲ ಅಂದೆ. ಆ ಪಾಠ ನಾಲಿಗೆಯಲ್ಲಿ ಎಷ್ಟು ಭದ್ರವಾಗಿ ಕೂತಿತೆಂದರೆ, ನಲವತ್ತೈದು ವರ್ಷಗಳ ನಂತರ, ಈ ದೇಶದಲ್ಲಿ, ಅದೇ ಪಾಠದಿಂದ ಒಬ್ಬ ಮುದುಕರಿಗೆ ನನ್ನ ಕೈಯಾರೆ ಅನ್ಯಾಯವಾಯಿತು. ನನ್ನ ಸಿಟ್ಟಿನಲ್ಲಿ ಅರ್ಧ ಆ ಪ್ರಧಾನಿಯ ಮೇಲಿನದು. ಉಳಿದರ್ಧ ಯಾರ ಮೇಲಿನದು ಎಂಬುದು ಓದುತ್ತಾ ತಿಳಿಯುತ್ತದೆ.

ನಾನು ದುಭಾಷಿ. ಜಪಾನಿ ಮಾತಾಡುವವರಿಗೂ ಇಂಗ್ಲಿಷ್ ಮಾತಾಡುವವರಿಗೂ ನಡುವೆ ಕೂತು ಇವರ ಮಾತನ್ನು ಅವರಿಗೆ, ಅವರ ಮಾತನ್ನು ಇವರಿಗೆ ದಾಟಿಸುವ ಕೆಲಸ. ಜಪಾನಿ ಕಲಿತದ್ದು ಬೆಂಗಳೂರಿನಲ್ಲಿ. ಒಂದು ಕಾರಿನ ಕಾರ್ಖಾನೆಯಲ್ಲಿ, ಜಪಾನಿನ ಎಂಜಿನಿಯರುಗಳು ಬೈದದ್ದನ್ನು ನಮ್ಮವರಿಗೆ ಸ್ವಲ್ಪ ಸಕ್ಕರೆ ಬೆರೆಸಿ ಹೇಳುತ್ತಾ ಏಳೆಂಟು ವರ್ಷ ದುಡಿದೆ. ಈಗ ಅಮೆರಿಕದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಡಬ್ಲಿನ್‌ನಲ್ಲಿ ಮನೆ. ಆಸ್ಪತ್ರೆ, ಕೋರ್ಟು, ಕಂಪನಿ ಮೀಟಿಂಗು, ಎಲ್ಲಿ ಕರೆದರೆ ಅಲ್ಲಿಗೆ ಕಾರು ಓಡಿಸಿಕೊಂಡು ಹೋಗುತ್ತೇನೆ. ನಮ್ಮ ಕೆಲಸದಲ್ಲಿ ಎರಡು ಕಟ್ಟುಪಾಡು. ರೋಗಿ ‘ನನಗೆ ಎದೆನೋವು’ ಅಂದರೆ ನಾವೂ ‘ನನಗೆ ಎದೆನೋವು’ ಅಂತಲೇ ಹೇಳಬೇಕು, ‘ಇವರಿಗೆ ಎದೆನೋವಂತೆ’ ಅನ್ನಕೂಡದು. ಮತ್ತೆ, ಕೇಳಿದ್ದನ್ನು ಹೊರಗೆ ಆಡಕೂಡದು. ಇವೆರಡರ ಜೊತೆಗೆ ನನ್ನದೇ ಒಂದು ಅಭ್ಯಾಸವಿದೆ. ಮಾತು ಕೇಳುತ್ತಾ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುವುದು ಯಾವಾಗಲೂ ಕನ್ನಡದಲ್ಲಿ. ಕೈ ಅದರಲ್ಲೇ ಬೇಗ ಓಡುತ್ತದೆ.

ಎರಡು ವರ್ಷದ ಹಿಂದೆ ಒಬ್ಬ ಅಮೆರಿಕನ್ ಲೇಖಕ ಫೋನು ಮಾಡಿದ. ತೀರಿಹೋದ ಒಬ್ಬ ಜಪಾನಿ ಪ್ರಧಾನಿಯ ರಾಜಕೀಯ ಜೀವನದ ಬಗ್ಗೆ ಇಂಗ್ಲಿಷಿನಲ್ಲಿ ದಪ್ಪನೆಯ ಪುಸ್ತಕ ಬರೆಯುತ್ತಿದ್ದ. ಪ್ರಧಾನಿಯ ಮನೆಯವರ ಒಪ್ಪಿಗೆಯೂ ಇತ್ತು. ಆ ಪ್ರಧಾನಿಗೆ ಹತ್ತೊಂಬತ್ತು ವರ್ಷ ಖಾಸಗಿ ಕಾರ್ಯದರ್ಶಿಯಾಗಿದ್ದವರು ಲಾಸ್ ಆಲ್ಟೋಸ್‌ನಲ್ಲಿ ಮಗಳ ಮನೆಯಲ್ಲಿದ್ದಾರೆ, ಇಂಗ್ಲಿಷ್ ಬಾರದು, ಎಂಟು ಶನಿವಾರ ಅವರ ಜೊತೆ ಕೂರಬೇಕು, ಬರುತ್ತೀರಾ ಎಂದು ಕೇಳಿದ. ಲೇಖಕನಿಗೆ ಜಪಾನಿ ಬರುತ್ತಿರಲಿಲ್ಲ. ಒಂದು ದೇಶದ ಪ್ರಧಾನಿಯ ಕಥೆಯನ್ನು ಆ ದೇಶದ ಭಾಷೆಯ ಒಂದಕ್ಷರ ಬಾರದೆ ಬರೆಯುವ ಧೈರ್ಯ ನೋಡಿ ನನಗೆ ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ, ಒಪ್ಪಿಕೊಂಡೆ.

ಅಜ್ಜನಿಗೆ ಎಂಬತ್ತೆಂಟು. ಹುಬ್ಬಳ್ಳಿಯಲ್ಲಿ ತಲೆ ಬೆಳ್ಳಗಾದವರನ್ನೆಲ್ಲ ಅಜ್ಜ ಅನ್ನುವುದೇ ರೂಢಿ, ಹಾಗಾಗಿ ಮನಸ್ಸಿನೊಳಗೆ ಅವರು ಮೊದಲ ದಿನವೇ ಅಜ್ಜ ಆಗಿಬಿಟ್ಟರು. ಇಸ್ತ್ರಿ ಮಾಡಿದ ಅಂಗಿ, ಕತ್ತಿನವರೆಗೂ ಗುಂಡಿ. ಕುರ್ಚಿಗೆ ಬೆನ್ನು ತಾಗಿಸದೆ ಎರಡು ಗಂಟೆ ಕೂರುತ್ತಿದ್ದರು. ಅರವತ್ತರ ಹತ್ತಿರದ ಮಗಳು ಕುಡಿಯುವ ನೀರು ಪರೀಕ್ಷಿಸುವ ಇಲಾಖೆಯಲ್ಲಿ ಎಂಜಿನಿಯರ್. ಬಾಗಿಲು ತೆರೆಯುವುದು, ಟೀ ತಂದಿಡುವುದು, ತಂದೆಯ ಮುಖ ನೋಡದೆ ಒಳಗೆ ಹೋಗುವುದು. ತಂದೆ ಮಗಳು ಮಾತಾಡಿದ್ದನ್ನು ನಾನು ಆ ಎಂಟು ಶನಿವಾರಗಳಲ್ಲಿ ಒಮ್ಮೆಯೂ ಕೇಳಲಿಲ್ಲ. ಒಳ್ಳೆಯ ಬಡಾವಣೆಯಲ್ಲಿ ನಿಶ್ಶಬ್ದವಾಗಿ ಬದುಕುವುದೂ ಒಂದು ಪದ್ಧತಿಯೇನೋ ಅಂದುಕೊಂಡೆ.

ಜಪಾನಿನಲ್ಲಿ ರಾಜಕಾರಣಿಯನ್ನು ಹೆಸರು ಹಿಡಿದು ಕರೆಯುವುದಿಲ್ಲ, ‘ಸೆನ್ಸೇ’ ಅನ್ನುತ್ತಾರೆ. ಗುರುಗಳು ಅಂತ. ಅಜ್ಜ ಎಂಟು ವಾರವೂ ಅವನನ್ನು ಸೆನ್ಸೇ ಅಂತಲೇ ಅಂದರು. ಈ ಸೆನ್ಸೇ ಹುಟ್ಟಿನಿಂದ ರಾಜಕೀಯದವನಲ್ಲ. ಅಂಗಡಿಕಾರನ ಎರಡನೇ ಮಗ. ಒಬ್ಬ ಹಳೆಯ ಸಂಸದನಿಗೆ ಗಂಡುಮಕ್ಕಳಿರಲಿಲ್ಲ. ಇವನು ಆ ಮನೆಯ ಅಳಿಯನಾಗಿ ಹೋಗಿ, ಹೆಂಡತಿಯ ಮನೆತನದ ಹೆಸರನ್ನೇ ತನ್ನದಾಗಿ ಮಾಡಿಕೊಂಡು, ಮಾವನ ಕ್ಷೇತ್ರವನ್ನೂ ಪಡೆದುಕೊಂಡ. ಮೊದಲ ಚುನಾವಣೆಯಲ್ಲಿ ಸೋತ. ಮಳೆಯಲ್ಲಿ ನಿಂತು ಸೋಲಿಗೆ ಕ್ಷಮೆ ಕೇಳುತ್ತಾ ಊರೂರು ತಿರುಗಿದ. ಆಗ ಕಾರು ಓಡಿಸುತ್ತಿದ್ದವರು ಇಪ್ಪತ್ಮೂರು ವರ್ಷದ ಅಜ್ಜ.

"ಸೆನ್ಸೇಗೆ ಮುಖ ನೆನಪಿರುತ್ತಿರಲಿಲ್ಲ, ನನಗಿರುತ್ತಿತ್ತು" ಅಂದರು ಅಜ್ಜ. ಕಾರಿನ ಹಿಂದಿನ ಸೀಟಿನಲ್ಲಿ ಯಾವಾಗಲೂ ಒಂದು ಕಪ್ಪು ಟೈ, ಒಂದು ಬಿಳಿ ಟೈ. ಸಾವಿನ ಮನೆಗೆ ಕಪ್ಪು, ಮದುವೆ ಮನೆಗೆ ಬಿಳಿ. ಒಂದೇ ದಿನ ಮೂರು ಸಾವು ಎರಡು ಮದುವೆ ಮುಗಿಸಿದ್ದೂ ಉಂಟು. ಯಾರ ಮನೆಯಲ್ಲಿ ಮಗ ಫೇಲಾದ, ಯಾರ ಹೆಂಡತಿಗೆ ಆಪರೇಷನ್ ಆಯಿತು, ಎಲ್ಲವನ್ನೂ ಕಾರು ನಿಲ್ಲುವ ಮೊದಲು ಅಜ್ಜ ಕಿವಿಯಲ್ಲಿ ಹೇಳಬೇಕು. ಸೆನ್ಸೇ ಇಳಿದು, ಅದೇ ಮಾತನ್ನು ಕಣ್ಣಲ್ಲಿ ನೀರು ತಂದುಕೊಂಡು ಕೇಳಬೇಕು. ಚುನಾವಣೆ ಬಂದರೆ ಇಬ್ಬರಿಗೂ ಬಿಳಿ ಕೈಗವಸು. ಮೈಕಿನ ವ್ಯಾನಿನ ಕಿಟಕಿಯಿಂದ ಕೈ ಹೊರಗೆ ಹಾಕಿ, ದಿನಕ್ಕೆ ಸಾವಿರ ಸಲ ಅವನ ಹೆಸರು ಕೂಗಬೇಕು. ಅಜ್ಜನ ದನಿ ಆಮೇಲೆ ಸರಿಹೋಗಲೇ ಇಲ್ಲ. ಎಂಬತ್ತೆಂಟರಲ್ಲೂ ಆ ಗಂಟಲು ಗೊರಗೊರ ಅನ್ನುತ್ತಿತ್ತು.

ಎರಡನೇ ಸಲ ಗೆದ್ದ. ಆಮೇಲೆ ಸೋಲಲೇ ಇಲ್ಲ. ಉಪಮಂತ್ರಿಯಾದ, ಮಂತ್ರಿಯಾದ, ಪಕ್ಷದೊಳಗೆ ಒಂದು ಗುಂಪಿನ ನಾಯಕನಾದ, ಕೊನೆಗೆ ಪ್ರಧಾನಿಯೂ ಆದ. ಒಂದು ವರ್ಷ ತುಂಬುವುದರೊಳಗೆ ಒಂದು ಚುನಾವಣೆಯ ಸೋಲಿಗೆ ‘ಹೊಣೆ ಹೊತ್ತು’ ರಾಜೀನಾಮೆ ಕೊಟ್ಟ. ಆ ರಾಜೀನಾಮೆಯನ್ನು ಪತ್ರಿಕೆಗಳು ಹೊಗಳಿದ್ದೇ ಹೊಗಳಿದ್ದು. ಎಂಥ ಘನತೆ, ಎಂಥ ಹೊಣೆಗಾರಿಕೆ! ಲೇಖಕ ತನ್ನ ಪುಸ್ತಕಕ್ಕೆ ಇದನ್ನೇ ಮುಖ್ಯ ಎಳೆಯಾಗಿ ಹಿಡಿದಿದ್ದ. ಹೊಣೆ ಹೊರುವುದನ್ನು ಬಲ್ಲ ನಾಯಕ. ಆ ಮಾತನ್ನು ಅವನು ಹೇಳಿದಾಗಲೆಲ್ಲ ನಾನು ಜಪಾನಿಗೆ ತಿರುಗಿಸಬೇಕಿತ್ತು, ಅಜ್ಜ ತಲೆ ಬಗ್ಗಿಸಿ ಕೇಳುತ್ತಿದ್ದರು.

ಎಂಟನೇ ಶನಿವಾರ ಲೇಖಕ ಬರಲಿಲ್ಲ. ಯಾವುದೋ ಊರಿಗೆ ವಿಮಾನ ಹತ್ತಬೇಕಿತ್ತಂತೆ. ಪ್ರಶ್ನೆಗಳ ಪಟ್ಟಿ ಕಳಿಸಿ, ಉತ್ತರಗಳನ್ನು ಇಂಗ್ಲಿಷಿನಲ್ಲಿ ಬರೆದುಕೊಡಿ ಅಂದಿದ್ದ. ಮಗಳು ಗ್ರೋಸರಿಗೆ ಹೋಗಿದ್ದಳು. ನಾನು ರೆಕಾರ್ಡರ್ ಹಾಕಿದೆ. ಅಜ್ಜ ಕೈ ಚಾಚಿ ಅದರ ಮೇಲೆ ಅಂಗೈ ಇಟ್ಟರು. "ಇದು ಬೇಡ. ನೀವು ಬರೆದುಕೊಳ್ಳಿ."

ಹೇಳಿದ್ದು ಇಷ್ಟು. ಸೆನ್ಸೇ ಉಪಮಂತ್ರಿಯಾಗಿದ್ದಾಗ, ಅವನದೇ ಕ್ಷೇತ್ರದ ಒಂದು ಕಣಿವೆಯಲ್ಲಿ ಕಾರ್ಖಾನೆಯ ಕೊಳಕು ಸುರಿಯುವ ಗುಂಡಿಗೆ ಅನುಮತಿ ಕೊಡಿ ಎಂಬ ಶಿಫಾರಸು ಪತ್ರ ಹೊರಟಿತು. ಕೆಲವು ವರ್ಷಕ್ಕೆ ಆ ಕಣಿವೆಯ ಬಾವಿಗಳು ಕೆಟ್ಟವು. ಮಕ್ಕಳ ಮೈಮೇಲೆ ಹುಣ್ಣೆದ್ದಿತು. ಪತ್ರ ಪತ್ರಿಕೆಯವರಿಗೆ ಸಿಕ್ಕಿತು. ಜಪಾನಿನಲ್ಲಿ ಸಹಿ ಕಡಿಮೆ. ಪ್ರತಿಯೊಬ್ಬರಿಗೂ ಹೆಸರು ಕೊರೆದ ಒಂದು ಪುಟ್ಟ ಮುದ್ರೆ ಇರುತ್ತದೆ, ಕೆಂಪು ಶಾಯಿಗೆ ತಾಗಿಸಿ ಒತ್ತಿದರೆ ಅದೇ ಸಹಿ. ದೊಡ್ಡವರ ಮುದ್ರೆ ಅವರ ಕಾರ್ಯದರ್ಶಿಯ ಡ್ರಾಯರಿನಲ್ಲಿ ಇರುತ್ತದೆ. ಯಾರು ಒತ್ತಿದರೂ ಗುರುತು ಒಂದೇ. ಅದೇ ಅವನಿಗೆ ಅನುಕೂಲವಾಯಿತು. ‘ನನಗೆ ತಿಳಿಸದೆ ಕಾರ್ಯದರ್ಶಿ ನನ್ನ ಮುದ್ರೆ ಒತ್ತಿದ್ದಾರೆ, ಮೇಲ್ವಿಚಾರಣೆ ಸಾಲದಾಯಿತು, ವಿಷಾದಿಸುತ್ತೇನೆ’ ಅಂತ ಸಂಸತ್ತಿನ ಸಭೆಯಲ್ಲಿ ನಿಂತು ಹೇಳಿದ. ಆ ದೇಶದಲ್ಲಿ ಇದು ಎಷ್ಟು ಮಾಮೂಲಿಯೆಂದರೆ, ‘ಕಾರ್ಯದರ್ಶಿ ಮಾಡಿದ್ದು’ ಅನ್ನುವುದು ಜನರ ಬಾಯಲ್ಲಿ ನಗೆಮಾತಾಗಿದೆಯಂತೆ. ಅಜ್ಜ ನಗಲಿಲ್ಲ. ಕ್ಯಾಮರಾಗಳ ಮುಂದೆ ಸೊಂಟ ಬಗ್ಗಿಸಿ, ನೆಲ ನೋಡುತ್ತಾ ನಿಂತು, ಕೆಲಸ ಬಿಟ್ಟು ಊರಿಗೆ ಹೋದರು. ಊರು ಯಾವುದು ಅಂದರೆ ಅದೇ ಕಣಿವೆಯ ಪಕ್ಕದ್ದು. ಅವರ ಹೆಂಡತಿ ತರಕಾರಿಗೆ ಎರಡು ಊರು ದಾಟಿ ಹೋಗಬೇಕಾಯಿತು. ಶಾಲೆಯಲ್ಲಿ ಮಗಳ ಪಕ್ಕ ಯಾರೂ ಕೂರಲಿಲ್ಲ. ಆ ಮಗಳು ಹದಿನೆಂಟು ತುಂಬಿದ ಕೂಡಲೇ ಅಮೆರಿಕಕ್ಕೆ ಬಂದಳು, ನೀರಿನ ವಿಷಯವನ್ನೇ ಓದಿದಳು. ತಾಯಿ ಸತ್ತ ಮೇಲೆ ಕರ್ತವ್ಯವೆಂದು ತಂದೆಯನ್ನು ಕರೆತಂದಳು. ಕ್ಷಮಿಸಿ ಕರೆತಂದಿದ್ದಲ್ಲ.

"ಆ ಸಂಜೆ ಆಫೀಸಿನಲ್ಲಿ ನಾವಿಬ್ಬರೇ" ಅಂದರು ಅಜ್ಜ. "ಸೆನ್ಸೇ ಪತ್ರವನ್ನು ಎರಡು ಸಲ ಓದಿದರು. ಮುದ್ರೆ ಕೇಳಿದರು, ಕೊಟ್ಟೆ. ಒತ್ತಿದರು. ನಾನು ಬಾಗಿಲ ಬಳಿ ನಿಂತಿದ್ದೆ."

ಜಪಾನಿ ಕ್ರಿಯಾಪದಕ್ಕೆ ಕನ್ನಡದ ಹಾಗೆ ಬಾಲವಿಲ್ಲ. ನಾನು ಒತ್ತಿದರೂ ನೀನು ಒತ್ತಿದರೂ ರೂಪ ಒಂದೇ. ಆದರೆ ದೊಡ್ಡವರು ಮಾಡಿದ್ದನ್ನು ಹೇಳುವುದಕ್ಕೆ ಮಾತ್ರ ಬೇರೆಯೇ ಒಂದು ಎತ್ತರದ ರೂಪವಿದೆ. ಅಜ್ಜ ಅದನ್ನೇ ಬಳಸಿದರು. ತನ್ನ ಬದುಕು ಹಾಳು ಮಾಡಿದವನ ಮೇಲೆ ಮೊದಲ ಸಲ ಬೆರಳು ತೋರಿಸುವಾಗಲೂ ಆ ಬೆರಳಿಗೆ ಕೈಗವಸು ಬಿಟ್ಟಿರಲಿಲ್ಲ.

"ನನ್ನ ಮಗಳಿಗೆ ಹೇಳಬೇಡಿ" ಅಂದರು ಕೊನೆಗೆ. "ನನ್ನ ಬಾಯಿಂದ ಹೇಳಿದರೆ ಅದು ನೆಪ ಅನ್ನಿಸುತ್ತದೆ. ಅವಳು ಓದುವುದು ಇಂಗ್ಲಿಷಿನಲ್ಲಿ. ಪುಸ್ತಕದಲ್ಲಿ ಓದಲಿ. ಅದಕ್ಕೇ ಎಂಟು ವಾರ ಕೂತದ್ದು."

ಎಂಟು ವಾರ! ಅಷ್ಟೂ ಸಾವು, ಮದುವೆ, ಕೈಗವಸು, ಟೈ, ಎಲ್ಲವನ್ನೂ ಹೇಳಿದ್ದು ಈ ನಾಲ್ಕು ವಾಕ್ಯಕ್ಕೆ ಜಾಗ ಮಾಡಲು. ಮನೆಗೆ ಮರಳುತ್ತಾ ಸೇತುವೆ ದಾಟುವಾಗ ಕಾರಿನಲ್ಲಿ ಒಬ್ಬಳೇ ಆ ಸೆನ್ಸೇಯನ್ನು ಹುಬ್ಬಳ್ಳಿಯ ಭಾಷೆಯಲ್ಲಿ ಬೈದುಕೊಂಡೆ.

ಬರೆದು ಕೊಟ್ಟದ್ದು ಮೂರು ವಾರದ ನಂತರ. ನಡುವೆ ಆಸ್ಪತ್ರೆಯ ಕೆಲಸ ಬಂತು. ಅದೇ ವಾರ ಇಲ್ಲಿನ ನಮ್ಮ ಕನ್ನಡಿಗರ ಸಂಘದ ವಾರ್ಷಿಕ ವರದಿಯನ್ನೂ ಇಂಗ್ಲಿಷಿಗೆ ಮಾಡಿಕೊಡುತ್ತಿದ್ದೆ. ಸ್ವಾಗತಿಸಿದರು, ವಂದಿಸಿದರು, ಶಾಲು ಹೊದಿಸಿದರು, ಬಿಸಿಬೇಳೆಬಾತ್ ಸವಿದರು. ಮಗಳ ಈಜಿನ ತರಗತಿ ಮುಗಿಯುವವರೆಗೆ ಕಾರಿನಲ್ಲಿ ಕೂತು, ಆ ವರದಿ ಮುಗಿಸಿದ ಕೈಯಲ್ಲೇ ಅಜ್ಜನ ಪುಟಗಳನ್ನೂ ಟೈಪು ಮಾಡಿ ಕಳಿಸಿಬಿಟ್ಟೆ.

ಈ ವರ್ಷ ಪುಸ್ತಕ ಬಂತು. ಸ್ಯಾನ್ ಫ್ರಾನ್ಸಿಸ್ಕೋದ ಒಂದು ಸಭಾಂಗಣದಲ್ಲಿ ಭಾನುವಾರ ಮಧ್ಯಾಹ್ನ ಬಿಡುಗಡೆ. ನಾನು ರೇಷ್ಮೆ ಸೀರೆ ಉಟ್ಟು ಹೋದೆ. ಅಜ್ಜ ಮೂರನೇ ಸಾಲಿನಲ್ಲಿ ಕೋಟು ಹಾಕಿಕೊಂಡು ಕೂತಿದ್ದರು, ಪಕ್ಕದಲ್ಲಿ ಮಗಳು. ಅವಳನ್ನು ಅವರು ಹಟ ಹಿಡಿದು ಕರೆತಂದಿದ್ದರಂತೆ. ನನಗೆ ಮಾತ್ರ ಗೊತ್ತಿತ್ತು ಯಾಕೆ ಅಂತ. ಲೇಖಕ ಎದ್ದು, ಪುಸ್ತಕದ ಅತ್ಯಂತ ಕಷ್ಟದ ಅಧ್ಯಾಯ ಓದುತ್ತೇನೆ ಅಂದ. ಕಣಿವೆಯ ಅಧ್ಯಾಯ. ಓದಿದ: ಆ ಸಂಜೆ ಉಪಮಂತ್ರಿಗಳ ಸಿಬ್ಬಂದಿ ಪತ್ರವನ್ನು ಎರಡು ಸಲ ಓದಿ, ಅವರ ಮುದ್ರೆ ತೆಗೆದು ಒತ್ತಿದರು, ಬಾಗಿಲ ಬಳಿ ಕಾವಲಿದ್ದ ಕಾರ್ಯದರ್ಶಿಯೇ ಇದನ್ನು ಈಗ ಒಪ್ಪಿಕೊಂಡಿದ್ದಾರೆ, ಸಿಬ್ಬಂದಿಯ ತಪ್ಪನ್ನು ತನ್ನ ತಲೆಯ ಮೇಲೆ ಹೊತ್ತ ನಾಯಕನ ದೊಡ್ಡತನ ಇಲ್ಲಿಂದಲೇ ಶುರುವಾಯಿತು.

ಸಭೆ ಚಪ್ಪಾಳೆ ತಟ್ಟಿತು. ಅಜ್ಜನಿಗೆ ಇಂಗ್ಲಿಷ್ ಗೊತ್ತಿಲ್ಲ. ಕಣಿವೆಯ ಹೆಸರು ಮಾತ್ರ ತಿಳಿದಿರಬೇಕು. ಸತ್ಯ ಹೊರಬಿತ್ತು ಅಂದುಕೊಂಡು ಅವರೂ ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿದರು, ತಟ್ಟುತ್ತಾ ಮಗಳ ಕಡೆ ನೋಡಿದರು. ಮಗಳು ತೊಡೆಯ ಮೇಲಿನ ಪುಸ್ತಕ ಮುಚ್ಚಿ ಎದ್ದು ಹೊರಗೆ ಹೋದಳು. ಬಾಗಿಲಲ್ಲಿ ನಾನು ಅಡ್ಡ ನಿಂತೆ. "ನನಗೆ ಗೊತ್ತಿದ್ದದ್ದೇ" ಅಂದಳು. "ಇದನ್ನು ಕೇಳಿಸಲು ಕರೆತರಬೇಕಿತ್ತೇ? ಮೇಲಿಂದ ಚಪ್ಪಾಳೆ ಬೇರೆ."

ನನಗೆ ಮೈಯೆಲ್ಲಾ ಉರಿದುಹೋಯಿತು. ತಿಂಡಿಯ ಮೇಜಿನ ಹತ್ತಿರ ಲೇಖಕನನ್ನು ಹಿಡಿದುಕೊಂಡೆ. ಹೇಳಿದ್ದನ್ನು ಹೀಗೆ ತಿರುಚುವುದಕ್ಕೆ ನಿನಗೆ ನಾಚಿಕೆಯಾಗುವುದಿಲ್ಲವೇ ಅಂತ ನಾಲ್ಕು ಜನ ತಿರುಗಿ ನೋಡುವಂತೆ ಕೇಳಿದೆ. ಅವನು ಗಾಬರಿಯಾದ. "ನಾನು ಏನನ್ನೂ ತಿರುಚಿಲ್ಲ. ನೀವು ಬರೆದುಕೊಟ್ಟದ್ದನ್ನೇ ಹಾಕಿದ್ದೇನೆ. ನಿಮ್ಮ ಪುಟ ನೋಡಿಕೊಳ್ಳಿ" ಅಂದ. ಸುಳ್ಳ ಅಂದುಕೊಂಡು ಮನೆಗೆ ಬಂದೆ.

ಅಡುಗೆಮನೆಯಲ್ಲಿ ಗಂಡನ ಮುಂದೆ ಕೂಗಾಡಿದೆ. ಹೊರಗೆ ಆಡಕೂಡದೆಂಬ ಕಟ್ಟುಪಾಡು ಸಿಟ್ಟಿನಲ್ಲಿ ಹಾರಿಹೋಗಿತ್ತು. "ಅವರೇ ಓದಿದ್ರು, ಅವರೇ ಮುದ್ರೆ ಕೇಳಿದ್ರು, ಅವರೇ ಒತ್ತಿದ್ರು! ಈ ಪಾಪದ ಅಜ್ಜ ಬಾಗಿಲ ಹತ್ರ ಸುಮ್ನೆ ನಿಂತಿದ್ರು!"

ಇಲ್ಲೇ ಹುಟ್ಟಿ ಬೆಳೆದ ನನ್ನ ಮಗಳು ಸೀರಿಯಲ್ ತಿನ್ನುತ್ತಿದ್ದವಳು ಚಮಚ ಎತ್ತಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲೇ. "ವೇಟ್, ಅಮ್ಮಾ. ಹೌ ಮೆನಿ ಪೀಪಲ್ ವರ್ ಇನ್ ದಟ್ ರೂಮ್?"

"ಇಬ್ರೇ ಕಣೇ. ಅಜ್ಜ, ಮತ್ತೆ ಆ ಸಾಹೇಬ್ರು."

"ದೆನ್ ವೈ ಡು ಯೂ ಕೀಪ್ ಸೇಯಿಂಗ್ ದೇ?"

"ಅದು ದೇ ಅಲ್ಲ, ಮರ್ಯಾದೆಗೆ..." ಅಂದವಳು ಅಲ್ಲೇ ನಿಂತೆ. ಓಡಿಹೋಗಿ ನೋಟ್‌ಬುಕ್ ತೆಗೆದೆ. ನನ್ನದೇ ಅಕ್ಷರ: ‘ಸಂಜೆ, ಆಫೀಸು. ಪತ್ರ ಓದಿದರು, ೨ ಸಲ. ಮುದ್ರೆ ಕೇಳಿದರು. ಒತ್ತಿದರು. ನಾನು ಬಾಗಿಲ ಬಳಿ.’ ಲ್ಯಾಪ್‌ಟಾಪ್ ತೆರೆದೆ. ನನ್ನದೇ ಇಂಗ್ಲಿಷು: ದೇ ರೆಡ್ ದಿ ಲೆಟರ್ ಟ್ವೈಸ್. ದೇ ಆಸ್ಕ್ಡ್ ಫಾರ್ ದಿ ಸೀಲ್. ದೇ ಸ್ಟ್ಯಾಂಪ್ಡ್ ಇಟ್. ಐ ವಾಸ್ ಬೈ ದಿ ಡೋರ್.

ಅದೇ ‘ಒತ್ತಿದರು’. ಒಬ್ಬ ದೊಡ್ಡ ಮನುಷ್ಯ ಒತ್ತಿದರೂ ಒತ್ತಿದರು, ಹತ್ತು ಜನ ಗುಮಾಸ್ತರು ಒತ್ತಿದರೂ ಒತ್ತಿದರು. ಕನ್ನಡದಲ್ಲಿ ಬರೆದುಕೊಂಡಾಗ ಅದು ಆ ಒಬ್ಬನೇ. ಈಜುಕೊಳದ ಹೊರಗೆ, ಸಂಘದ ವರದಿಯ ಬಿಸಿಯಲ್ಲಿ, ಇಂಗ್ಲಿಷಿಗೆ ತಿರುಗಿಸಿದಾಗ ಅದು ಹತ್ತು ಜನ. ಬಾವಿಗಳಿಗೆ ವಿಷ ಹೋಗುವಂತೆ ಮಾಡಿದವನಿಗೆ ನಾನು ಮರ್ಯಾದೆ ಕೊಟ್ಟೆ, ಅವನು ಆ ಮರ್ಯಾದೆಯ ಹಿಂದೆ ಅಡಗಿಕೊಂಡ. ಜಪಾನಿನ ಸಭೆಯಲ್ಲಿ ಅವನು ಒಂದು ಸಲ ಜಾರಿಕೊಂಡಿದ್ದ. ಸತ್ತ ಮೇಲೆ ಎರಡನೇ ಸಲ ಜಾರಿಕೊಳ್ಳಲು ಬಾಗಿಲು ತೆರೆದುಕೊಟ್ಟವಳು ಹುಬ್ಬಳ್ಳಿ ಮಾಸ್ತರರ ಮಗಳು. ಅವತ್ತು ನನಗೆ ನನ್ನ ಮೇಲೆ ಬಂದಷ್ಟು ಸಿಟ್ಟು ಯಾರ ಮೇಲೂ ಬಂದಿಲ್ಲ.

ಮರುದಿನವೇ ಲೇಖಕನಿಗೆ ಬರೆದೆ. ತಪ್ಪು ನನ್ನದು, ನಾನು ಮಾಡಿದ್ದು, ಇಲ್ಲಿದೆ ನನ್ನ ಮೂಲ ಟಿಪ್ಪಣಿ, ಒತ್ತಿದ್ದು ಒಬ್ಬನೇ ವ್ಯಕ್ತಿ ಮತ್ತು ಅವನು ನಿಮ್ಮ ನಾಯಕ. ಉತ್ತರ ಬಹಳ ನಯವಾಗಿತ್ತು. ಪುಸ್ತಕ ಅಚ್ಚಾಗಿದೆ. ಕುಟುಂಬದವರು ಈ ಪಠ್ಯಕ್ಕೆ ಒಪ್ಪಿಗೆ ಕೊಟ್ಟಿದ್ದಾರೆ. ತಮಗೆ ಕನ್ನಡ ಬಾರದ್ದರಿಂದ ಟಿಪ್ಪಣಿಯನ್ನು ಪರಿಗಣಿಸಲಾಗದು. ಅಲ್ಲದೆ ಈ ವಯಸ್ಸಿನ ನೆನಪನ್ನು ಎಷ್ಟು ನಂಬುವುದು. ಎಂಟು ವಾರ ಆ ನೆನಪು ಬೇಕಿತ್ತು! ಯಾವ ಸಾವಿಗೆ ಯಾವ ಟೈ ಎಂಬುದಕ್ಕೆ ಸಾಕ್ಷಿಯಾಗಿದ್ದ ತಲೆ, ಯಾರು ಮುದ್ರೆ ಒತ್ತಿದ್ದು ಎಂದ ಕೂಡಲೇ ಮುದಿ ತಲೆಯಾಯಿತು. ‘ದೇ’ ಎಂದು ಓದಿದಾಗ ಯಾರು ಆ ‘ದೇ’ ಎಂದು ಒಂದು ಸಾಲಿನ ಮೇಲ್ ಹಾಕಿ ಕೇಳಬಹುದಿತ್ತಲ್ಲ. ಕೇಳಲಿಲ್ಲ, ಯಾಕೆಂದರೆ ಆ ‘ದೇ’ ಅವನ ಪುಸ್ತಕಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಅದಕ್ಕೆ ‘ಸಿಬ್ಬಂದಿ’ ಎಂದು ಹೆಸರಿಟ್ಟದ್ದು ಅವನು. ಅದರಲ್ಲಿ ನನ್ನ ಪಾಲಿಲ್ಲ.

ಮುಂದಿನ ಶನಿವಾರ ಯಾರೂ ಕರೆಯದೆಯೇ ಲಾಸ್ ಆಲ್ಟೋಸ್‌ಗೆ ಹೋದೆ. ಮಗಳು ಬಾಗಿಲು ತೆರೆದು, ಒಳಗೆ ಕೂರಿಸಿ, ಟೀ ಮಾಡಲು ಹೋದಳು. ಅಜ್ಜ ಅದೇ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು. ಪುಸ್ತಕ ಮುಂದೆಯೇ ಇತ್ತು. "ಮಗಳು ಓದಿದಳು" ಅಂದರು. "ಆದರೆ ಏನೂ ಹೇಳಲಿಲ್ಲ. ಮೊದಲಿಗಿಂತ ಕಡಿಮೆ ಮಾತಾಡುತ್ತಾಳೆ."

ಜಪಾನಿಯಲ್ಲಿ ‘ತಪ್ಪಾಯಿತು’ ಅನ್ನಲು ಕರ್ತೃ ಬೇಕಿಲ್ಲ, ಕನ್ನಡದಲ್ಲೂ ಅಷ್ಟೇ, ತಪ್ಪು ತಾನಾಗಿಯೇ ಆಗಿಬಿಡುತ್ತದೆ. ನಾನು ಹಾಗೆ ಹೇಳಲಿಲ್ಲ. ‘ನಾನು’ ಎಂಬುದನ್ನು ಒತ್ತಿ ಹೇಳಿದೆ. ನಾನು ತಪ್ಪು ಬರೆದೆ, ನಾನು ನಿಮ್ಮ ಮಾತು ಕೆಡಿಸಿದೆ, ಪು‌ಸ್ತಕದಲ್ಲಿ ಇರುವುದು ಇದು ಅಂತ ಆ ಸಾಲನ್ನು ಅವರಿಗೆ ಜಪಾನಿಯಲ್ಲಿ ಓದಿ ಹೇಳಿದೆ. ಎಲ್ಲ ಕೇಳಿದ ಮೇಲೆ ಅವರು ತಮ್ಮ ಎರಡು ಅಂಗೈ ನೋಡಿಕೊಂಡರು. ಚಪ್ಪಾಳೆ ನೆನಪಾಗಿರಬೇಕು. ನನಗೆ ಅಳು ಬಂತು.

ನಾನು ಆ ಪದದ ಕಥೆಯನ್ನೂ ಹೇಳಿದೆ. ಮರ್ಯಾದೆ ಕೊಟ್ಟರೆ ನಮ್ಮಲ್ಲಿ ಒಬ್ಬರು ಹಲವರಾಗುತ್ತಾರೆ ಅಂದೆ. ಅಜ್ಜ ಕೇಳಿದರು: "ಮರ್ಯಾದೆ ಕೊಡದೆ ಹೇಳಿದರೆ?"

"ಒತ್ತಿದ."

"ಅಷ್ಟೇನಾ? ಇಷ್ಟು ಚಿಕ್ಕದು?"

"ಅಷ್ಟೇ."

"ನನ್ನ ಭಾಷೆಯಲ್ಲಿ ಸೆನ್ಸೇ ಬಗ್ಗೆ ಹಾಗೆ ಹೇಳಲು ಬಾಯಿ ಬರುವುದಿಲ್ಲ. ಪ್ರಯತ್ನ ಮಾಡಿದ್ದೇನೆ, ಸ್ನಾನದ ಮನೆಯಲ್ಲಿ, ಒಬ್ಬನೇ. ಬರುವುದಿಲ್ಲ." ಆಮೇಲೆ ಮೈಕಿನ ವ್ಯಾನಿನಲ್ಲಿ ಒಡೆದ ಆ ಗಂಟಲಿನಲ್ಲಿ, ಒಂದೊಂದೇ ಅಕ್ಷರ ಜೋಡಿಸಿ, ಹೇಳಿದರು: "ಒ-ತ್ತಿ-ದ." ಇನ್ನೊಮ್ಮೆ ಹೇಳಿದರು. ನನ್ನ ಅಪ್ಪ ನನ್ನಿಂದ ಹತ್ತು ಸಲ ಹೇಳಿಸಿದ ಹಾಗೆ, ತಮ್ಮಿಂದ ತಾವೇ ಹೇಳಿಸಿಕೊಂಡರು. ಮೂರನೆಯದು ಅಚ್ಚ ಕನ್ನಡದಂತೆ ಬಂತು.

ಮಗಳು ಟೀ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಅಪ್ಪ ಏನಂದರು? ಯಾವ ಭಾಷೆ ಅದು?" ಎಂದು ನನ್ನನ್ನು ಕೇಳಿದಳು. ತಂದೆಯನ್ನು ನೇರವಾಗಿ ಕೇಳುವ ಅಭ್ಯಾಸ ಅವಳಿಗೆ ತಪ್ಪಿಹೋಗಿತ್ತು. ಅಜ್ಜ ನನ್ನ ಕಡೆ ತಲೆಯಾಡಿಸಿದರು. ಅದು ನನ್ನ ಕೆಲಸ, ಮಾಡಿ ಅಂತ. ಈ ಸಲ ನೋಟ್‌ಬುಕ್ ತೆಗೆಯಲಿಲ್ಲ. ನಮ್ಮ ಕಟ್ಟುಪಾಡಿನಂತೆ ಅವರ ‘ನಾನು’ ಆಗಿಯೇ ಅವಳಿಗೆ ಇಂಗ್ಲಿಷಿನಲ್ಲಿ ಹೇಳಿದೆ. "ಅವನು ಒತ್ತಿದ. ಒಬ್ಬನೇ. ಪತ್ರವನ್ನು ಎರಡು ಸಲ ಓದಿ ಒತ್ತಿದ. ನಾನು ಒತ್ತಲಿಲ್ಲ, ಬಾಗಿಲ ಬಳಿ ನಿಂತಿದ್ದೆ."

ತಟ್ಟೆಯನ್ನು ಅವಳು ಎಷ್ಟು ಜೋರಾಗಿ ಕೆಳಗಿಟ್ಟಳೆಂದರೆ ಟೀ ಮೇಜಿನ ಮೇಲೆಲ್ಲ ಚೆಲ್ಲಿತು. ಆಮೇಲೆ ಎಷ್ಟೋ ವರ್ಷದಲ್ಲಿ ಮೊದಲ ಸಲವೋ ಏನೋ, ತಂದೆಯ ಮುಖಕ್ಕೆ ಮುಖ ಕೊಟ್ಟು ಜಪಾನಿಯಲ್ಲಿ ಕೇಳಿದಳು. "ಅಮ್ಮನಿಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನನ್ನೊಬ್ಬಳಿಗೆ ಯಾಕೆ ಹೇಳಲಿಲ್ಲ?"

"ಹೇಳಿದ್ದರೆ ನೀನು ಎಲ್ಲರಿಗೂ ಹೇಳುತ್ತಿದ್ದೆ."

"ಹೌದು, ಹೇಳುತ್ತಿದ್ದೆ! ಶಾಲೆಯಲ್ಲಿ ಬೆಂಚಿನ ಮೇಲೆ ಹತ್ತಿ ನಿಂತು ಕೂಗಿ ಹೇಳುತ್ತಿದ್ದೆ!" ಅರವತ್ತರ ಹೆಂಗಸು ಹನ್ನೆರಡರ ಹುಡುಗಿಯ ಹಾಗೆ ಕೂಗಿದಳು. ಕಿಟಕಿಯಾಚೆ ಅಷ್ಟು ಶಾಂತವಾದ ಬೀದಿಯಲ್ಲಿ ನಾಯಿ ಹಿಡಿದು ಹೋಗುತ್ತಿದ್ದವರೊಬ್ಬರು ನಿಂತು ನೋಡಿದರು. ಕೂಗಲಿ ಅಂದುಕೊಂಡೆ. ಆ ಮನೆಯಲ್ಲಿ ಅಷ್ಟು ವರ್ಷ ಯಾರಾದರೂ ಕೂಗಬೇಕಾಗಿತ್ತು.

ದನಿ ಇಳಿದ ಮೇಲೆ ಅವಳು ಪುಸ್ತಕ ಎಳೆದುಕೊಂಡು ಆ ಪುಟ ತೆರೆದು, ಪೆನ್ನನ್ನು ನನ್ನ ಕೈಗೆ ಕೊಟ್ಟಳು. "ನಿಮ್ಮ ಲಿಪಿಯಲ್ಲಿ ಬರೆಯಿರಿ. ಅಪ್ಪ ಹೇಳಿದ ಹಾಗೆಯೇ." ಸಿಬ್ಬಂದಿ ಎಂಬರ್ಥದ ಇಂಗ್ಲಿಷ್ ಪದ ಹೊಡೆದುಹಾಕಿದೆ. ಅದರ ಮೇಲೆ ‘ಒತ್ತಿದ’ ಎಂದು ಬರೆದೆ. ಕೆಳಗೆ ‘ತಪ್ಪು ಅನುವಾದ ಮಾಡಿದವಳು ನಾನು’ ಎಂದು ಬರೆದು ಸಹಿ ಹಾಕಿದೆ. ಜಗತ್ತಿನಲ್ಲಿರುವ ಆ ಪುಸ್ತಕದ ಪ್ರತಿಗಳಲ್ಲಿ ಸರಿಯಾಗಿರುವುದು ಇದೊಂದೇ. ಉಳಿದವು ಅಂಗಡಿಗಳಲ್ಲಿ ಹಾಗೆಯೇ ಮಾರಾಟವಾಗುತ್ತಿವೆ. ಇದನ್ನು ಬರೆಯಲು ತಂದೆ ಮಗಳು ಇಬ್ಬರೂ ಒಪ್ಪಿದ್ದಾರೆ, ಹೆಸರು ಮಾತ್ರ ಬೇಡ ಅಂದಿದ್ದಾರೆ.

ಅಜ್ಜ ಎದ್ದು ತಮ್ಮ ಕೋಣೆಗೆ ಹೋದರು. ಡ್ರಾಯರ್ ಎಳೆದ ಸದ್ದು ಕೇಳಿಸಿತು. ವಾಪಸು ಬಂದಾಗ ಕೈಯಲ್ಲಿ ಬೆರಳುದ್ದದ ಮರದ ಮುದ್ರೆ, ಕೆಂಪು ಶಾಯಿಯ ಪುಟ್ಟ ಡಬ್ಬಿ. ಅವರದೇ ಹೆಸರು ಕೊರೆದದ್ದು. ಮಗಳು ಚೆಲ್ಲಿದ ಟೀ ಒರೆಸಿ ಪುಟ ನೇರ ಮಾಡಿಕೊಟ್ಟಳು. ಅವರು ಎರಡೂ ಕೈಯಲ್ಲಿ ಮುದ್ರೆ ಹಿಡಿದು, ನನ್ನ ಅಕ್ಷರದ ಪಕ್ಕದಲ್ಲಿ, ಮಗಳು ನೋಡುತ್ತಿದ್ದಂತೆ ಒತ್ತಿದರು. ಒಬ್ಬರೇ.